ಯಾವ ಸೆಂಟ್ರಿಫ್ಯೂಜ್ ಬೇಕು? ವೇಗಕ್ಕಿಂತ ಮೊದಲು ರೋಟರ್ ನೋಡಿ

ಲ್ಯಾಬಿಗೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬನ್ನು ಜೋರಾಗಿ ತಿರುಗಿಸಿ ಒಳಗಿನದನ್ನು ಬೇರ್ಪಡಿಸುವ ಯಂತ್ರ, ತಗೋಬೇಕು ಅಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಒಂದೇ ಅಂಕಿಯ ಮೇಲೆ. ನಿಮಿಷಕ್ಕೆ ಎಷ್ಟು ಸುತ್ತು, ಅಂದರೆ ಆರ್‌ಪಿಎಂ ಎಷ್ಟು? 15,000 ಇದ್ದರೆ ಒಳ್ಳೆಯದು, 30,000 ಇದ್ದರೆ ಇನ್ನೂ ಒಳ್ಳೆಯದು, 1,00,000 ಇದ್ದರೆ ಕೇಳುವುದೇ ಬೇಡ ಅನ್ನುವ ಲೆಕ್ಕ. ಈ ಲೆಕ್ಕ ಹಿಡಿದು ಹೊರಟವರು ಎಷ್ಟೋ ಸಲ ತಮ್ಮ ಕೆಲಸಕ್ಕೆ ಹೊಂದದ ಯಂತ್ರ ತಂದು ಕೂರಿಸಿಕೊಳ್ಳುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಏನನ್ನು ಕೆಳಗೆ ಕೂರಿಸಬೇಕು? ಎಷ್ಟು ಮಿಲಿಲೀಟರ್ ಇದೆ? ಸುಮ್ನೆ ತಳಕ್ಕೆ ಇಳಿಸಿದರೆ ಸಾಕಾ, ಇಲ್ಲ ಒಂದರಿಂದ ಇನ್ನೊಂದನ್ನು ಬಿಡಿಸಿ ತೆಗೆಯಬೇಕಾ? ಇವಕ್ಕೆ ಉತ್ತರ ಸಿಕ್ಕರೆ ಯಂತ್ರ ಯಾವುದು ಅನ್ನುವುದು ಹೆಚ್ಚುಕಮ್ಮಿ ತಾನಾಗಿಯೇ ತೀರ್ಮಾನವಾಗುತ್ತದೆ. ಆಮೇಲೆ ತಲೆ ಕೆಡಿಸಿಕೊಳ್ಳಬೇಕಾದ್ದು ರೋಟರ್ ಬಗ್ಗೆ, ಅಂದರೆ ಟ್ಯೂಬುಗಳನ್ನು ಹಿಡಿದು ತಿರುಗುವ ಭಾಗದ ಬಗ್ಗೆ.

ಸುತ್ತಿನ ಲೆಕ್ಕ ಯಾಕೆ ಸಾಲದು

ಟ್ಯೂಬಿನೊಳಗಿನ ಕಣವನ್ನು ಕೆಳಗೆ ಎಳೆಯುವುದು ಬಲ. ಆ ಬಲ ಭೂಮಿಯ ಗುರುತ್ವದ ಎಷ್ಟು ಪಟ್ಟು ಅನ್ನುವುದನ್ನು ‘ಜಿ’ಯಲ್ಲಿ ಹೇಳುತ್ತಾರೆ. ಲೆಕ್ಕ ಸುಲಭ: ಆರ್‌ಪಿಎಂ ಅನ್ನು ಅದರಿಂದಲೇ ಗುಣಿಸಿ, ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ಹಿಡಿದು ಗುಣಿಸಿ, ಕೊನೆಗೆ 0.00001118ರಿಂದ ಗುಣಿಸಿ. ನಡುವಿನಿಂದ 8 ಸೆಂ.ಮೀ. ದೂರದಲ್ಲಿ ಟ್ಯೂಬಿನ ತಳ ಇರುವ ಸಣ್ಣ ರೋಟರ್ 4,000 ಆರ್‌ಪಿಎಂನಲ್ಲಿ ಸುಮಾರು 1,430 ಜಿ ಕೊಡುತ್ತದೆ. ತಳ 18 ಸೆಂ.ಮೀ. ದೂರದಲ್ಲಿದ್ದರೆ ಅದೇ 4,000ಕ್ಕೆ ಸುಮಾರು 3,220 ಜಿ. ಅಂಕಿ ಒಂದೇ, ಬಲ ಎರಡು ಪಟ್ಟಿಗಿಂತ ಜಾಸ್ತಿ. ಆದ್ದರಿಂದ ‘4,000 ಆರ್‌ಪಿಎಂ, 10 ನಿಮಿಷ’ ಅಂತ ಮಾತ್ರ ಬರೆದಿರುವ ವಿಧಾನವನ್ನು ಇನ್ನೊಂದು ಯಂತ್ರದಲ್ಲಿ ಹಾಗೇ ಮಾಡಲು ಹೋಗಬೇಡಿ. ಯಾವ ರೋಟರ್ ಅಂತ ಬರೆದಿಲ್ಲದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ರೋಟರ್ ತನ್ನ ಮೈಯಲ್ಲಿ ತಡೆದುಕೊಳ್ಳಬೇಕಾದ ಸೆಳೆತವೂ, ಅದರಲ್ಲಿ ತುಂಬಿಕೊಂಡ ಶಕ್ತಿಯೂ ಅದೇ ಲೆಕ್ಕದಲ್ಲಿ ಏರುತ್ತವೆ. ವೇಗದ ಸೆಂಟ್ರಿಫ್ಯೂಜ್‌ಗಳ ಇತಿಹಾಸವೆಲ್ಲ ಈ ಏರಿಕೆಯ ಜೊತೆ ನಡೆದ ಗುದ್ದಾಟ. ಇವತ್ತು ನಿಮ್ಮ ಮುಂದಿರುವ ಆಯ್ಕೆಗಳು ಹುಟ್ಟಿದ್ದೂ ಅಲ್ಲೇ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ಎಣ್ಣೆ, ಗಾಳಿ, ಮೋಟರ್

ತಿರುಗಿಸಿ ಬೇರ್ಪಡಿಸುವುದು ಹೈನುಗಾರಿಕೆಯಲ್ಲಿ ಮೊದಲೇ ಇತ್ತು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ಹಾಲಿನಿಂದ ಕೆನೆಯನ್ನು ಬಿಡುವಿಲ್ಲದೆ ಬೇರ್ಪಡಿಸುವ ಯಂತ್ರ ತಂದಿದ್ದ. ವಿಜ್ಞಾನಕ್ಕೆ ಬೇಕಾಗಿದ್ದು ಮಾತ್ರ ಬೇರೆ. ಕೆನೆಯ ಹನಿ ಎಲ್ಲಿ, ಪ್ರೋಟೀನಿನ ಅಣು ಎಲ್ಲಿ! ಅಷ್ಟು ಸಣ್ಣದನ್ನು ಕೆಳಗಿಳಿಸಲು ಹತ್ತಾರು ಸಾವಿರ ಜಿ ಬೇಕು. ಬರೀ ಬಲ ಇದ್ದರೂ ಸಾಲದು. ದ್ರವ ಒಂದು ಚೂರೂ ಕಲಕಬಾರದು. ಟ್ಯೂಬಿನ ಒಂದು ಕಡೆ ಬೆಚ್ಚಗಾಗಿ ಇನ್ನೊಂದು ಕಡೆ ತಣ್ಣಗಿದ್ದರೆ ಒಳಗೆ ಸುಳಿ ಏಳುತ್ತದೆ. ಇಳಿದದ್ದೆಲ್ಲ ಮತ್ತೆ ಮೇಲೆ ಬರುತ್ತದೆ.

ಇದನ್ನು ಮೊದಲು ಸರಿಯಾಗಿ ಬಗೆಹರಿಸಿದವನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಥಿಯೋಡರ್ ಸ್ವೆಡ್‌ಬರ್ಗ್. 1924ರಲ್ಲಿ ಹರ್ಮನ್ ರಿಂಡೆಯ ಜೊತೆ ಸೇರಿ ಅವನು ಪ್ರಕಟಿಸಿದ ಯಂತ್ರಕ್ಕೇ ‘ಅಲ್ಟ್ರಾಸೆಂಟ್ರಿಫ್ಯೂಜ್’ ಎಂಬ ಹೆಸರು ಬಂತು. ತಿರುಗುತ್ತಿರುವಾಗಲೇ ಒಳಗೆ ಏನಾಗುತ್ತಿದೆ ಅಂತ ಬೆಳಕು ಹಾಯಿಸಿ ಫೋಟೋ ತೆಗೆಯಬಹುದಿತ್ತು. ಆಮೇಲಿನ ಯಂತ್ರಗಳಲ್ಲಿ ರೋಟರನ್ನು ಎಣ್ಣೆಯ ಟರ್ಬೈನ್ ತಿರುಗಿಸುತ್ತಿತ್ತು. ಸುತ್ತ ಕಡಿಮೆ ಒತ್ತಡದ ಹೈಡ್ರೋಜನ್ ತುಂಬುತ್ತಿದ್ದರು. ಹೈಡ್ರೋಜನ್ ತೀರಾ ಹಗುರ, ಆದ್ದರಿಂದ ಉಜ್ಜಾಟ ಕಡಿಮೆ. ಶಾಖವನ್ನೂ ಬೇಗ ಹೊತ್ತೊಯ್ಯುತ್ತದೆ. ಹಿಮೋಗ್ಲೋಬಿನ್ನಿನ ಅಣುತೂಕ ಸುಮಾರು 67,000 ಎಂದು, ಅದರ ಅಣುಗಳೆಲ್ಲ ಒಂದೇ ಅಳತೆಯವು ಎಂದು ತೋರಿಸಿದ್ದು ಈ ಕೆಲಸವೇ. ಪ್ರೋಟೀನ್ ಎಂದರೆ ಸಣ್ಣ ಸಣ್ಣ ಕಣಗಳ ಗೊತ್ತುಗುರಿಯಿಲ್ಲದ ಗುಂಪು ಅಂತ ಬಹಳ ಜನ ನಂಬಿದ್ದ ಕಾಲ ಅದು. ಒಂದು ಯಂತ್ರ ಒಂದು ನಂಬಿಕೆಯನ್ನೇ ಕೆಡವಿತು. 1926ರ ರಸಾಯನಶಾಸ್ತ್ರದ ನೊಬೆಲ್ ಸ್ವೆಡ್‌ಬರ್ಗ್‌ಗೆ ಬಂತು.

ಆ ಯಂತ್ರದ ತೊಂದರೆ ಅಂದರೆ ಗಾತ್ರ, ಖರ್ಚು, ನಾಜೂಕು. ಎಣ್ಣೆ ಪಂಪು, ತಂಪು ಮಾಡುವ ವ್ಯವಸ್ಥೆ, ರೋಟರ್ ಒಡೆದರೆ ತಡೆಯುವ ಗೋಡೆ ಎಲ್ಲ ಸೇರಿ ದೊಡ್ಡ ಜಾಗವೇ ಬೇಕು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಸ್ಸಿ ಬೀಮ್ಸ್ ಬೇರೆ ದಾರಿ ಹಿಡಿದ. ಒತ್ತಡದ ಗಾಳಿಯಿಂದಲೇ ತಿರುಗಿಸಿದ. 1930ರ ದಶಕದ ಮಧ್ಯದಲ್ಲಿ ಅವನೂ ಅವನ ವಿದ್ಯಾರ್ಥಿ ಎಡ್ವರ್ಡ್ ಪಿಕಲ್ಸನೂ ಸೇರಿ ರೋಟರನ್ನು ನಿರ್ವಾತದ ಕೋಣೆಯಲ್ಲಿಟ್ಟು, ಹೊರಗಿನ ಗಾಳಿ ಟರ್ಬೈನಿಗೆ ತೆಳುವಾದ, ಬಾಗುವ ಉಕ್ಕಿನ ದಂಡದಿಂದ ಜೋಡಿಸಿದರು. ಗಾಳಿಯೇ ಇಲ್ಲದ ಮೇಲೆ ಉಜ್ಜಾಟವೂ ಇಲ್ಲ, ಬಿಸಿಯೂ ಇಲ್ಲ. ದಂಡ ಬಾಗುವುದರಿಂದ ರೋಟರ್ ತನ್ನ ತೂಕದ ನಡುವನ್ನು ತಾನೇ ಹುಡುಕಿಕೊಂಡು ಅಲ್ಲಿ ತಿರುಗುತ್ತದೆ. ಸಣ್ಣಪುಟ್ಟ ತೂಕದ ವ್ಯತ್ಯಾಸಕ್ಕೆ ನಡುಗುವುದಿಲ್ಲ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಚೆಂದದ ಉಪಾಯ ಇದೇ.

ಪಿಕಲ್ಸ್ ಆಮೇಲೆ ಸ್ಪಿಂಕೊ ಎಂಬ ಕಂಪನಿ ಕಟ್ಟುವುದರಲ್ಲಿ ಜೊತೆಯಾದ. ವಿದ್ಯುತ್ ಮೋಟರಿನಿಂದ ತಿರುಗುವ ಮಾಡೆಲ್ ಇ 1947ರಲ್ಲಿ ಬಂತು. ಅದು ಅಳೆಯುವ ಯಂತ್ರ. ಕೆಲವೇ ವರ್ಷಗಳಲ್ಲಿ ಸ್ಯಾಂಪಲ್ ಬೇರ್ಪಡಿಸಿ ಕೈಗೆ ಕೊಡುವ ಮಾಡೆಲ್ ಎಲ್ ಬಂತು. ಅಲ್ಲಿಂದ ಮುಂದೆ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕಾದವರು ಅದನ್ನು ತಾವೇ ಕಟ್ಟಿಕೊಳ್ಳಬೇಕಾಗಿರಲಿಲ್ಲ, ಕೊಳ್ಳಬಹುದಿತ್ತು. ಸ್ಪಿಂಕೊವನ್ನು ಮುಂದೆ ಬೆಕ್‌ಮನ್ ಕಂಪನಿ ಕೊಂಡಿತು.

ನಿಮ್ಮ ಕೆಲಸಕ್ಕೆ ಯಾವ ಮಟ್ಟದ ಯಂತ್ರ

ಮೇಜಿನ ಮೇಲಿನ ಸಣ್ಣ ಮೈಕ್ರೋಸೆಂಟ್ರಿಫ್ಯೂಜ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1.5 ಅಥವಾ 2 ಮಿ.ಲೀ. ಟ್ಯೂಬು, 12,000ದಿಂದ 20,000 ಜಿ. ಡಿಎನ್‌ಎ, ಆರ್‌ಎನ್‌ಎ ತೆಗೆಯುವ ದಿನನಿತ್ಯದ ಕೆಲಸ ಇದರಲ್ಲೇ ಆಗುತ್ತದೆ. ತಂಪು ಮಾಡುವ ಸೌಕರ್ಯ ಬೇಕಾ ಅಂತ ಮಾತ್ರ ಯೋಚಿಸಿ. ಆರ್‌ಎನ್‌ಎ ಅಥವಾ ಪ್ರೋಟೀನ್ ಕೆಲಸ ಇದ್ದರೆ ಬೇಕೇ ಬೇಕು. ಮುಚ್ಚಳ ಹಾಕಿ ಅರ್ಧ ಗಂಟೆ ಓಡಿಸಿದರೆ ತಂಪಿಲ್ಲದ ಯಂತ್ರದಲ್ಲಿ ಟ್ಯೂಬು ಕೈಗೆ ಬೆಚ್ಚಗೆ ತಾಗುತ್ತದೆ.

ಅದಕ್ಕಿಂತ ದೊಡ್ಡ ಬೆಂಚ್‌ಟಾಪ್ ಯಂತ್ರಗಳು 15 ಮತ್ತು 50 ಮಿ.ಲೀ. ಟ್ಯೂಬಿಗೆ. ಜೀವಕೋಶ ಬೆಳೆಸುವವರಿಗೆ, ರಕ್ತದ ಸ್ಯಾಂಪಲ್ ನೋಡುವವರಿಗೆ ಇದು ಸಾಕು. ಜೀವಂತ ಕೋಶಗಳನ್ನು ಇಳಿಸಲು 200ರಿಂದ 400 ಜಿ ಸಾಕಾಗುತ್ತದೆ. ಜಾಸ್ತಿ ಕೊಟ್ಟರೆ ಕೋಶಗಳೇ ಹಾಳು. ಇಲ್ಲಿ ಕೊಳ್ಳುವ ಮೊದಲು ನೋಡಬೇಕಾದ್ದು ಬ್ರೇಕನ್ನು ಬಂದ್ ಮಾಡಬಹುದಾ ಅನ್ನುವುದು. ರಕ್ತದಿಂದ ಬಿಳಿ ಕೋಶಗಳನ್ನು ಪದರವಾಗಿ ತೆಗೆಯುವಾಗ ಯಂತ್ರ ಗಕ್ಕನೆ ನಿಂತರೆ ಪದರ ಕಲಕಿಬಿಡುತ್ತದೆ. ಅಂಥ ಕೆಲಸಕ್ಕೆ ಬ್ರೇಕ್ ಇಲ್ಲದೆ ತಾನಾಗೇ ನಿಲ್ಲಲು ಬಿಡಬೇಕು.

ನೆಲದ ಮೇಲೆ ನಿಲ್ಲುವ ಹೈಸ್ಪೀಡ್ ಯಂತ್ರಗಳು ಸಾಮಾನ್ಯವಾಗಿ 20,000ದಿಂದ 30,000 ಆರ್‌ಪಿಎಂ ತನಕ, ಬಲ 50,000 ಜಿ ಆಸುಪಾಸು ಅಥವಾ ಸ್ವಲ್ಪ ಜಾಸ್ತಿ. ಲೀಟರ್‌ಗಟ್ಟಲೆ ಬ್ಯಾಕ್ಟೀರಿಯಾ ಬೆಳೆಸಿ ಇಳಿಸುವವರಿಗೆ ಇದರಷ್ಟು ಉಪಯೋಗದ ಯಂತ್ರ ಇಲ್ಲ. ದೊಡ್ಡ ಬಾಟಲಿಯ ರೋಟರ್ ಹಾಕಿ 5,000 ಜಿಗೆ ಬ್ಯಾಕ್ಟೀರಿಯಾ ಇಳಿಸಿ, ಕೋಶ ಒಡೆದು, ಚಿಕ್ಕ ರೋಟರ್ ಹಾಕಿ 30,000 ಜಿಗೆ ಒಡೆದ ಚೂರುಗಳನ್ನು ತೆಗೆದುಬಿಡಬಹುದು. ಪ್ರೋಟೀನ್ ತಯಾರಿಸುವ ಎಷ್ಟೋ ಲ್ಯಾಬುಗಳಿಗೆ ಇದಕ್ಕಿಂತ ಮೇಲೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಅನುಮಾನ ಇದ್ದರೆ ಇಲ್ಲೇ ನಿಲ್ಲಿ.

ಹಾಗಾದರೆ ಅಲ್ಟ್ರಾ ಯಾವಾಗ? ಕೋಶವನ್ನು ಒಡೆದು ಹಂತಹಂತವಾಗಿ ಸ್ಪಿನ್ ಮಾಡುವುದನ್ನು ನೋಡಿದರೆ ಗೆರೆ ಎಲ್ಲಿದೆ ಅಂತ ತಿಳಿಯುತ್ತದೆ. 1,000 ಜಿ ಒಳಗೆ ನ್ಯೂಕ್ಲಿಯಸ್ಸುಗಳು ಇಳಿಯುತ್ತವೆ. 10,000 ಜಿಗೆ ಮೈಟೋಕಾಂಡ್ರಿಯಾ. ಇಲ್ಲಿಯ ತನಕ ಹೈಸ್ಪೀಡ್ ಯಂತ್ರ ಧಾರಾಳವಾಗಿ ಸಾಕು. ಆಮೇಲೆ ಉಳಿದ ಪೊರೆಯ ಚೂರುಗಳಿಗೆ 1,00,000 ಜಿಯಲ್ಲಿ ಒಂದು ಗಂಟೆ ಬೇಕು. ಬಿಡಿ ರೈಬೋಸೋಮ್ (ಕೋಶದೊಳಗೆ ಪ್ರೋಟೀನ್ ತಯಾರಿಸುವ ಕಣ), ಹೆಚ್ಚಿನ ವೈರಸ್‌ಗಳು, ಕೋಶಗಳು ಹೊರಹಾಕುವ ಎಕ್ಸೊಸೋಮ್ ಎಂಬ ಪುಟ್ಟ ಚೀಲಗಳು ಎಲ್ಲ ಈ ಗೆರೆಯ ಆಚೆಗೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಆಲ್ಬರ್ಟ್ ಕ್ಲಾಡ್ ಹೀಗೆ ಹಂತಹಂತವಾಗಿ ಕೋಶ ಬಿಡಿಸುವ ದಾರಿ ಹಾಕಿದ. ಅದೇ ದಾರಿಯಲ್ಲಿ ಹೊರಟ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್, ಮೈಟೋಕಾಂಡ್ರಿಯಾ ಜೊತೆ ಇಳಿಯುವ ಗಸಿಯಲ್ಲಿ ಇನ್ನೊಂದು ಬಗೆಯ ಕಣ ಅಡಗಿದೆ ಅಂತ ಕಂಡುಕೊಂಡು 1955ರಲ್ಲಿ ಅದಕ್ಕೆ ಲೈಸೋಸೋಮ್ ಅಂತ ಹೆಸರಿಟ್ಟ. ಇಬ್ಬರೂ ಜಾರ್ಜ್ ಪಲಾಡೆ ಜೊತೆ 1974ರ ನೊಬೆಲ್ ಹಂಚಿಕೊಂಡರು.

ಅಳೆಯುವ ಅಲ್ಟ್ರಾಸೆಂಟ್ರಿಫ್ಯೂಜ್, ಅಂದರೆ ಮಾಡೆಲ್ ಇ ವಂಶದ್ದು, ಬೇರೆಯದೇ ಜಾತಿ. ಅದರಿಂದ ಸ್ಯಾಂಪಲ್ ಬೇರ್ಪಡಿಸಿ ಪಡೆಯುವುದಲ್ಲ, ಅಣು ಎಷ್ಟು ತೂಕ, ಒಂಟಿಯಾ ಜೋಡಿಯಾ ಅಂತ ತಿಳಿಯುವುದು. ಪ್ರೋಟೀನನ್ನು ಯಾವುದಕ್ಕೂ ಅಂಟಿಸದೆ, ದ್ರವದಲ್ಲಿ ಇದ್ದ ಹಾಗೇ ನೋಡಬಹುದು ಅನ್ನುವುದು ದೊಡ್ಡ ಲಾಭ. ವಾರಕ್ಕೊಮ್ಮೆಯೂ ಓಡಿಸದ ಲ್ಯಾಬ್ ಇದನ್ನು ಕೊಳ್ಳುವುದಕ್ಕಿಂತ ಬೇರೆ ಕೇಂದ್ರದಲ್ಲಿ ಸಮಯ ಕೇಳಿ ಪಡೆಯುವುದು ಮೇಲು.

ರೋಟರ್: ನಿಜವಾದ ಆಯ್ಕೆ ಇಲ್ಲಿದೆ

ಒಂದೇ ಯಂತ್ರಕ್ಕೆ ಫಿಕ್ಸೆಡ್ ಆಂಗಲ್, ಸ್ವಿಂಗ್ ಔಟ್, ವರ್ಟಿಕಲ್ ಅಂತ ಬೇರೆ ಬೇರೆ ರೋಟರ್ ಸಿಗುತ್ತವೆ. ಕೆಲಸ ಕೆಡುವುದೂ ಕೂಡುವುದೂ ಇಲ್ಲೇ.

ಫಿಕ್ಸೆಡ್ ಆಂಗಲ್‌ನಲ್ಲಿ ಟ್ಯೂಬು ಓರೆಯಾಗಿ ನಿಂತಿರುತ್ತದೆ. ಕಣ ಹೊರಗಿನ ಗೋಡೆಗೆ ಬಡಿದು, ಗೋಡೆಯ ಗುಂಟ ಜಾರಿ ತಳ ಸೇರುತ್ತದೆ. ಕ್ರಮಿಸಬೇಕಾದ ದಾರಿ ಕಡಿಮೆ, ಹಾಗಾಗಿ ಬೇಗ ಇಳಿಯುತ್ತದೆ. ಟ್ಯೂಬು ಹೊರತೆಗೆದು ಬೆಳಕಿಗೆ ಹಿಡಿದರೆ ಪೆಲೆಟ್, ಅಂದರೆ ಇಳಿದು ಕೂತ ಗಸಿ, ತಳದ ನಟ್ಟನಡುವೆ ಇರುವುದಿಲ್ಲ, ಹೊರಗಿನ ಬದಿಗೆ ಸ್ವಲ್ಪ ಮೇಲಕ್ಕೆ ಬಳಿದ ಹಾಗೆ ಅಂಟಿರುತ್ತದೆ. ಕೆಲವು ಸಲ ಪೆಲೆಟ್ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಓಡಿಸುವ ಮೊದಲು ಟ್ಯೂಬಿನ ಹೊರಬದಿಗೆ ಪೆನ್ನಿನಲ್ಲಿ ಗುರುತು ಹಾಕಬೇಕು. ಮೇಲಿನ ತಿಳಿಯನ್ನು ಎಳೆಯುವಾಗ ಪಿಪೆಟ್ಟಿನ ತುದಿ ಆ ಗುರುತಿನ ಎದುರು ಬದಿಯಲ್ಲಿರಬೇಕು.

ಸ್ವಿಂಗ್ ಔಟ್‌ನಲ್ಲಿ ಬಕೆಟ್ಟುಗಳು ನೇತಾಡುತ್ತವೆ, ವೇಗ ಏರಿದಂತೆ ಅಡ್ಡಕ್ಕೆ ಏಳುತ್ತವೆ. ಕಣ ಟ್ಯೂಬಿನ ಪೂರ್ತಿ ಉದ್ದ ದಾಟಬೇಕು, ಆದ್ದರಿಂದ ನಿಧಾನ. ಆದರೆ ಪದರಗಳು ಟ್ಯೂಬಿಗೆ ಅಡ್ಡಲಾಗಿ, ಮಟ್ಟಸವಾಗಿ ಕೂರುತ್ತವೆ. ತೆಳು ಸಕ್ಕರೆ ದ್ರಾವಣದಿಂದ ಗಟ್ಟಿ ದ್ರಾವಣದ ತನಕ ಏರುವ ಗ್ರೇಡಿಯೆಂಟ್ ಮೇಲೆ ರೈಬೋಸೋಮ್ ಸ್ಯಾಂಪಲ್ ಹಾಕಿ ಓಡಿಸಿ ತೆಗೆದರೆ, ಮೇಲೆ ಸಣ್ಣ ಉಪಘಟಕ, ಅದರ ಕೆಳಗೆ ದೊಡ್ಡದು, ಇನ್ನೂ ಕೆಳಗೆ ಇಡೀ ರೈಬೋಸೋಮ್ ಸಾಲಾಗಿ ನಿಂತಿರುತ್ತವೆ. ಬ್ಯಾಕ್ಟೀರಿಯಾದಲ್ಲಿ ಇವು 30ಎಸ್, 50ಎಸ್, 70ಎಸ್. ಎಸ್ ಅನ್ನುವುದು ಸ್ವೆಡ್‌ಬರ್ಗ್ ಹೆಸರಿನ ಅಳತೆ. ಅದು ಇಳಿಯುವ ವೇಗವನ್ನು ಹೇಳುತ್ತದೆ, ತೂಕವನ್ನಲ್ಲ. ಆಕಾರಕ್ಕೂ ಅದರಲ್ಲಿ ಪಾಲಿದೆ. 30 ಮತ್ತು 50 ಕೂಡಿದರೆ 70 ಆಗುವುದು ಅದಕ್ಕೇ.

ಎರಡನ್ನೂ ಅಂಕಿಯಲ್ಲಿ ಹೋಲಿಸಬೇಕಾದರೆ ಪ್ರತಿ ರೋಟರಿನ ಜೊತೆ ಬರೆದಿರುವ ‘ಕೆ’ ನೋಡಿ. ಕೆ ಕಡಿಮೆ ಇದ್ದಷ್ಟೂ ರೋಟರ್ ಬೇಗ ಇಳಿಸುತ್ತದೆ. ಕೆಯನ್ನು ಎಸ್‌ನಿಂದ ಭಾಗಿಸಿದರೆ ತಳ ಸೇರಲು ಬೇಕಾಗುವ ಗಂಟೆ ಸಿಗುತ್ತದೆ. ಕೆ 44 ಇರುವ ಫಿಕ್ಸೆಡ್ ಆಂಗಲ್ ರೋಟರಿನಲ್ಲಿ ಪ್ರಾಣಿ, ಸಸ್ಯಗಳ ಕೋಶದ 80ಎಸ್ ರೈಬೋಸೋಮ್ ಸುಮಾರು 33 ನಿಮಿಷಕ್ಕೆ ಇಳಿಯುತ್ತದೆ. ಕೆ 124 ಇರುವ ಸ್ವಿಂಗ್ ಔಟ್‌ನಲ್ಲಿ ಒಂದೂವರೆ ಗಂಟೆಗಿಂತ ಸ್ವಲ್ಪ ಮೇಲೆ. ಈ ಲೆಕ್ಕ 20 ಡಿಗ್ರಿಯ ನೀರಿಗೆ. 4 ಡಿಗ್ರಿಯಲ್ಲಿ ನೀರು ಮಂದವಾಗುವುದರಿಂದ ಸುಮಾರು ಒಂದೂವರೆ ಪಟ್ಟು ಸಮಯ ಹಿಡಿಯುತ್ತದೆ, ಸಕ್ಕರೆ ದ್ರಾವಣದಲ್ಲಿ ಇನ್ನೂ ಜಾಸ್ತಿ. ಹಳೆಯ ವಿಧಾನವನ್ನು ಹೊಸ ರೋಟರಿಗೆ ಒಗ್ಗಿಸುವಾಗಲೂ ಕೆಯೇ ಗತಿ: ಹೊಸ ಕೆಯನ್ನು ಹಳೆಯ ಕೆಯಿಂದ ಭಾಗಿಸಿ, ಹಳೆಯ ಸಮಯದಿಂದ ಗುಣಿಸಿ. ಕಂಪನಿ ಕೊಡುವ ಕೆ ಆ ರೋಟರಿನ ಗರಿಷ್ಠ ವೇಗಕ್ಕೆ ಅನ್ನುವುದು ನೆನಪಿರಲಿ. ನಿಧಾನಕ್ಕೆ ಓಡಿಸಿದರೆ ಕೆ ಏರುತ್ತದೆ.

ವರ್ಟಿಕಲ್ ರೋಟರಿನಲ್ಲಿ ಟ್ಯೂಬು ನೆಟ್ಟಗೆ ನಿಂತಿರುತ್ತದೆ. ಕಣ ದಾಟಬೇಕಾದ್ದು ಟ್ಯೂಬಿನ ಅಗಲ ಅಷ್ಟೇ. ಓಡುವಾಗ ಗ್ರೇಡಿಯೆಂಟ್ ಪೂರ್ತಿ ಮಗ್ಗುಲಾಗಿ, ನಿಂತಾಗ ಮತ್ತೆ ನೆಟ್ಟಗಾಗುತ್ತದೆ. ಪೆಲೆಟ್ ಬೇಕಾದವರಿಗೆ ಇದು ಬೇಡವೇ ಬೇಡ, ಗೋಡೆಗೆ ಮೆತ್ತಿಕೊಂಡದ್ದು ನಿಂತಾಗ ಉದುರಿ ಕಲಕುತ್ತದೆ. ಸಾಂದ್ರತೆಯ ಮೇಲೆ ಬೇರ್ಪಡಿಸುವವರಿಗೆ ಮಾತ್ರ ಇದು ಬಹಳ ಸಮಯ ಉಳಿಸುತ್ತದೆ.

ಸಾಂದ್ರತೆಯ ಮಾತು ಬಂದಾಗ ಕ್ಯಾಲ್‌ಟೆಕ್‌ನ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಅವರನ್ನು ಬಿಟ್ಟು ಹೋಗಲಾಗದು. ಡಿಎನ್‌ಎ ಹೇಗೆ ನಕಲಾಗುತ್ತದೆ ಅನ್ನುವ ಪ್ರಶ್ನೆಗೆ ಅವರು 1958ರಲ್ಲಿ ಕೊಟ್ಟ ಉತ್ತರ ನಿಂತಿರುವುದೇ ಸೆಂಟ್ರಿಫ್ಯೂಜ್ ಮೇಲೆ. ಭಾರದ ನೈಟ್ರೋಜನ್ ತಿಂದು ಬೆಳೆದ ಬ್ಯಾಕ್ಟೀರಿಯಾವನ್ನು ಮಾಮೂಲಿ ನೈಟ್ರೋಜನ್ನಿಗೆ ಹಾಕಿ, ತಲೆಮಾರಿಗೊಮ್ಮೆ ಡಿಎನ್‌ಎ ತೆಗೆದು, ಸೀಸಿಯಂ ಕ್ಲೋರೈಡ್ ಎಂಬ ಭಾರದ ಉಪ್ಪಿನ ದ್ರಾವಣದಲ್ಲಿ 44,770 ಆರ್‌ಪಿಎಂಗೆ 20 ಗಂಟೆ ಓಡಿಸಿದರು. ಒಂದು ತಲೆಮಾರು ಕಳೆದಾಗ ಭಾರದ ಜಾಗಕ್ಕೂ ಹಗುರದ ಜಾಗಕ್ಕೂ ಸರಿಯಾಗಿ ನಡುವೆ ಒಂದೇ ಒಂದು ಪಟ್ಟಿ. ಪ್ರತಿ ಹೊಸ ಡಿಎನ್‌ಎಯಲ್ಲಿ ಒಂದು ಎಳೆ ಹಳೆಯದು, ಒಂದು ಹೊಸದು ಅಂತ ಸ್ಪಷ್ಟವಾಯಿತು. ಇಲ್ಲಿ ಕಣ ತಳಕ್ಕೆ ಹೋಗುವುದೇ ಇಲ್ಲ. ತನ್ನ ಸಾಂದ್ರತೆ ಸಿಕ್ಕ ಕಡೆ ನಿಂತುಬಿಡುತ್ತದೆ. ಜಾಸ್ತಿ ಹೊತ್ತು ಓಡಿಸಿದರೂ ಅಲ್ಲೇ ಇರುತ್ತದೆ. ಸಕ್ಕರೆ ಗ್ರೇಡಿಯೆಂಟಿನಲ್ಲಿ ಹಾಗಲ್ಲ, ಹೊತ್ತು ಮೀರಿದರೆ ಎಲ್ಲವೂ ತಳ ಸೇರುತ್ತವೆ. ಗಾತ್ರದಲ್ಲಿ ವ್ಯತ್ಯಾಸ ಇದ್ದರೆ ಸಕ್ಕರೆ ಮತ್ತು ಸ್ವಿಂಗ್ ಔಟ್, ಸಾಂದ್ರತೆಯಲ್ಲಿ ವ್ಯತ್ಯಾಸ ಇದ್ದರೆ ಸೀಸಿಯಂ ಮತ್ತು ವರ್ಟಿಕಲ್. ಬರೀ ತಳಕ್ಕೆ ಇಳಿಸಬೇಕಾದರೆ ಕಣ್ಣು ಮುಚ್ಚಿಕೊಂಡು ಫಿಕ್ಸೆಡ್ ಆಂಗಲ್ ತಗೊಳ್ಳಿ. ಒಂದೇ ರೋಟರ್ ಕೊಳ್ಳುವಷ್ಟು ಹಣ ಇದ್ದರೂ ನನ್ನ ಸಲಹೆ ಅದೇ.

ಅಲ್ಯೂಮಿನಿಯಮ್ಮಾ, ಟೈಟಾನಿಯಮ್ಮಾ, ಕಾರ್ಬನ್ನಾ

ಅಲ್ಯೂಮಿನಿಯಂ ಹಗುರ, ಅಗ್ಗ. ಆದರೆ ಉಪ್ಪಿಗೂ ಕ್ಷಾರಕ್ಕೂ ಬೇಗ ಸೋಲುತ್ತದೆ. ಸೀಸಿಯಂ ಕ್ಲೋರೈಡ್ ಒಂದು ಹನಿ ಚೆಲ್ಲಿ ಒಣಗಿದರೂ ಟ್ಯೂಬು ಕೂರುವ ಗುಳಿಯ ತಳದಲ್ಲಿ ಸೂಜಿಮೊನೆಯಷ್ಟು ತೂತು ಬೀಳಬಹುದು. ಆ ತೂತಿನ ಸುತ್ತಲೇ ಸೆಳೆತವೆಲ್ಲ ಸೇರಿ ಒಂದು ದಿನ ಬಿರುಕು ಬಿಡುತ್ತದೆ. ಟೈಟಾನಿಯಂ ದುಬಾರಿ, ಆದರೆ ತುಕ್ಕಿಗೆ ಜಗ್ಗುವುದಿಲ್ಲ. ಅಲ್ಟ್ರಾ ವೇಗಕ್ಕೆ ನನ್ನ ಆಯ್ಕೆ ಅದೇ. ಕಾರ್ಬನ್ ಫೈಬರ್ ರೋಟರ್ ಎತ್ತಿಡಲು ಹಗುರ, ತುಕ್ಕಿನ ಮಾತೇ ಇಲ್ಲ. ಹೈಸ್ಪೀಡ್ ಯಂತ್ರದ ದೊಡ್ಡ ರೋಟರನ್ನು ದಿನಾ ಎತ್ತಿ ಇಳಿಸುವವರ ಬೆನ್ನಿಗೆ ಇದರ ಬೆಲೆ ಗೊತ್ತು. ಆದರೆ ಪೆಟ್ಟು ಬಿದ್ದರೆ ಒಳಗಿನ ಹಾನಿ ಹೊರಗೆ ಕಾಣದೇ ಇರಬಹುದು, ಕೆಳಗೆ ಬೀಳಿಸಿದ ರೋಟರನ್ನು ಪರೀಕ್ಷೆ ಮಾಡಿಸದೆ ಓಡಿಸಬೇಡಿ.

ರೋಟರ್ ಮೇಲೆ ಬರೆದ ಗರಿಷ್ಠ ವೇಗ ಎಲ್ಲ ದ್ರಾವಣಕ್ಕೂ ಅಲ್ಲ. ಸಾಮಾನ್ಯವಾಗಿ ಅದು 1.2 ಗ್ರಾಂ/ಮಿ.ಲೀ. ಸಾಂದ್ರತೆಯ ತನಕ. 1.7ರ ಸೀಸಿಯಂ ಕ್ಲೋರೈಡ್ ತುಂಬಿದರೆ 70,000ದ ರೋಟರನ್ನು ಸುಮಾರು 58,800ಕ್ಕೆ ಇಳಿಸಬೇಕು. ಸೀಸಿಯಂ ಹರಳುಗಟ್ಟುವ ಅಪಾಯ ಇದ್ದರೆ ಇನ್ನೂ ಕಡಿಮೆ, ಯಾಕೆಂದರೆ ಆ ಹರಳಿನ ಸಾಂದ್ರತೆ 4ರ ಹತ್ತಿರ. ಟ್ಯೂಬಿನ ವಿಷಯದಲ್ಲೂ ಹಾಗೇ. ತೆಳು ಗೋಡೆಯ ಟ್ಯೂಬನ್ನು ಪೂರ್ತಿ ತುಂಬದಿದ್ದರೆ ಮುದುಡಿಹೋಗುತ್ತದೆ. ಪಾಲಿಕಾರ್ಬೊನೇಟ್ ಟ್ಯೂಬಿಗೆ ಫೀನಾಲ್ ಹಾಕಿದರೆ ಕರಗುತ್ತದೆ. ಸ್ವಿಂಗ್ ಔಟ್‌ನಲ್ಲಿ ಎರಡೇ ಸ್ಯಾಂಪಲ್ ಇದ್ದರೂ ಎಲ್ಲ ಬಕೆಟ್ಟುಗಳನ್ನೂ ಅವವುಗಳ ನಂಬರಿನ ಜಾಗದಲ್ಲಿ ತೂಗುಹಾಕಬೇಕು.

1998ರ ಡಿಸೆಂಬರಿನಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದು ಅಲ್ಟ್ರಾಸೆಂಟ್ರಿಫ್ಯೂಜಿನ ರೋಟರ್ ಓಡುತ್ತಿರುವಾಗಲೇ ಒಡೆಯಿತು. ಯಂತ್ರ ನುಚ್ಚುನೂರಾಯಿತು, ಕೋಣೆಯ ಸಾಮಾನೆಲ್ಲ ಹಾಳಾಯಿತು. ಯಾರಿಗೂ ಗಾಯ ಆಗಲಿಲ್ಲ, ಅದೇ ಪುಣ್ಯ. ಹೀಗಾಗಿ ಬಳಸಿದ ಯಂತ್ರ ಕೊಳ್ಳುವವರು ಯಂತ್ರಕ್ಕಿಂತ ಮೊದಲು ರೋಟರಿನ ಲಾಗ್ ಪುಸ್ತಕ ಕೇಳಿ. ಯಾವ ವರ್ಷದ್ದು, ಎಷ್ಟು ಸಲ ಓಡಿದೆ, ಯಾವ ವೇಗಕ್ಕೆ, ವಯಸ್ಸಿನ ಕಾರಣಕ್ಕೆ ಗರಿಷ್ಠ ವೇಗ ಇಳಿಸಿದ್ದಾರಾ, ಕೊನೆಯ ತಪಾಸಣೆ ಯಾವಾಗ ಅಂತ ಅದರಲ್ಲಿ ಇರಬೇಕು. ಲಾಗ್ ಇಲ್ಲ ಅಂದರೆ ಯಂತ್ರ ತಗೊಳ್ಳಿ, ಆ ರೋಟರ್ ಬಿಟ್ಟುಬಿಡಿ. ಹೊಸ ರೋಟರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ಬೆಲೆ ನಿಜಕ್ಕೂ ಕಡಿಮೆಯಾ ಅಂತ ಆಗ ನೋಡಿ.